ಹಮ್ದಾನ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಇಪ್ಪತ್ತೈದು ನಿಮಿಷ

ಆ ಹಾಳೆ ಒಂದೂವರೆ ಪುಟದ್ದು. ಮೇಲೆ ದಪ್ಪ ಅಕ್ಷರದಲ್ಲಿ ‘ಫುಟ್‌ಬಾಲ್ ಅಭಿಮಾನಿಗಳಿಗೆ ಊರಿನವನೊಬ್ಬನ ಸಲಹೆ’ ಎಂದಿತ್ತು. ಊರಿನವನು ಎಂದರೆ ನಾನು. ಉಡುಪಿ ಕಡೆಯಿಂದ ಬಂದು ಮೂವತ್ತೆಂಟು ವರ್ಷ ಅಬುಧಾಬಿ, ದುಬೈಯಲ್ಲೇ ಕಳೆದವನು ಎಂಬ ಕಾರಣಕ್ಕೆ ಕಂಪನಿಯವರು ಹಾಗೆ ಹಾಕಿದರು. ನನಗೂ ಅದು ಇಷ್ಟವಾಯಿತು. ಆ ಹಾಳೆಯಲ್ಲಿ ನಾನು ಬರೆದ ಒಂದು ಸಾಲನ್ನು ನಂಬಿ ಒಬ್ಬ ಹಿರಿಯರು ಪ್ರಾಣ ಕಳೆದುಕೊಳ್ಳುವುದರಲ್ಲಿದ್ದರು. ಸಾಲು ತಪ್ಪಾಗಿತ್ತು ಎಂಬುದು ನನ್ನ ಮೊದಲ ತಪ್ಪು. ಎರಡನೆಯದು ಅದಕ್ಕಿಂತ ದೊಡ್ಡದು. ಅದನ್ನು ಕೇಳಬೇಕಾದವರ ಮುಂದೆ ಹೇಳಿಯಾಗಿದೆ. ನನ್ನ ಕಡೆಯವರಿಗೆ ಹೇಳಿರಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಪಕ್ಕದ ದೇಶದಲ್ಲಿ ವಿಶ್ವಕಪ್ ನಡೆದ ವರ್ಷ ಅದು. ಅಲ್ಲಿ ಹೋಟೆಲ್ ಸಿಗದೆ ಎಷ್ಟೋ ಅಭಿಮಾನಿಗಳು ದುಬೈಯಲ್ಲಿ ಉಳಿದು, ಆಟದ ದಿನ ಮಾತ್ರ ವಿಮಾನದಲ್ಲಿ ಹೋಗಿ ಬರುತ್ತಿದ್ದರು. ನಾನು ಕೆಲಸಕ್ಕಿದ್ದ ಟ್ರಾವೆಲ್ ಕಂಪನಿಗೆ ವೇಲ್ಸ್ ದೇಶದ ಒಂದು ಸಣ್ಣ ಊರಿನಿಂದ ನಲವತ್ತೊಂದು ಜನರ ಗುಂಪು ಬಂತು. ಅವರ ದೇಶದ ತಂಡ ವಿಶ್ವಕಪ್ಪಿಗೆ ಬಂದು ದಶಕಗಳೇ ಆಗಿದ್ದವಂತೆ. ಬೆಳಿಗ್ಗೆ ದುಬೈ ಬಿಟ್ಟು, ಅಬುಧಾಬಿಯ ದೊಡ್ಡ ಮಸೀದಿ ನೋಡಿ, ಹಮ್ದಾನ್ ಸ್ಟ್ರೀಟಿನಲ್ಲಿ ಊಟ, ಸ್ವಲ್ಪ ಶಾಪಿಂಗ್ ಮುಗಿಸಿ, ಸಂಜೆ ಅಲ್ಲಿಂದಲೇ ವಿಮಾನ ಹತ್ತಿಸುವುದು ನಮ್ಮ ಕೆಲಸ.

ಎರಡು ವಾರ ಮೊದಲು ಜುಮೇರಾ ಲೇಕ್ ಟವರ್ಸ್‌ನ ಆಫೀಸಿನಲ್ಲಿ ಮ್ಯಾನೇಜರ್ ನನ್ನನ್ನು ಕರೆದು, “ಸಲಹೆಯ ಹಾಳೆ ನೀವೇ ಬರೆಯಿರಿ. ನಿಮಗಿಂತ ಹೆಚ್ಚು ಗೊತ್ತಿರುವವರು ಇಲ್ಲಿ ಯಾರೂ ಇಲ್ಲ. ಆದರೆ ಒಂದು ದಿನ ಅಬುಧಾಬಿಗೆ ಹೋಗಿ ದಾರಿಯನ್ನು ಪೂರ್ತಿ ನಡೆದು ನೋಡಿ ಬನ್ನಿ” ಎಂದರು. ಅದಕ್ಕೆ ಒಂದು ಫಾರಂ ಇತ್ತು. ಬಸ್ ಎಲ್ಲಿ ನಿಲ್ಲಬೇಕು, ಶೌಚಾಲಯ ಎಲ್ಲಿ, ನಡೆಯುವ ದೂರ ಎಷ್ಟು, ಗುಂಪಿನಿಂದ ತಪ್ಪಿಹೋದವರು ಎಲ್ಲಿಗೆ ಬರಬೇಕು ಎಂಬ ಕಲಮುಗಳು. ಕೊನೆಯಲ್ಲಿ ‘ಖುದ್ದಾಗಿ ನೋಡಿದ್ದೇನೆ’ ಎಂಬಲ್ಲಿ ಸಹಿ.

ನಾನು ಹೋಗಲಿಲ್ಲ. ಆ ಗುರುವಾರ ಮೊಣಕಾಲು ನೋಯುತ್ತಿತ್ತು ಎನ್ನುವುದು ನಿಜ. ಆದರೆ ಕಾರಣ ಅದಾಗಿರಲಿಲ್ಲ. ಹಮ್ದಾನ್ ಸ್ಟ್ರೀಟಿನಲ್ಲಿ ನಾನು ನೋಡಬೇಕಾದ್ದು ಏನಿದೆ ಎಂಬ ಸೊಕ್ಕು. ಗಲ್ಫಿಗೆ ಬಂದ ಮೊದಲ ಆರು ವರ್ಷ ನಾನು ಆ ರಸ್ತೆಯ ಹಿಂದಿನ ಓಣಿಯಲ್ಲೇ ಇದ್ದೆ. ಅಲ್ಲಿ ನಮ್ಮ ಕಡೆಯವರದೊಂದು ಕೆಫೆಟೇರಿಯಾ ಇತ್ತು. ಊರಿನಿಂದ ಬಂದ ಕಾಗದ, ಉಪ್ಪಿನಕಾಯಿ ಬಾಟಲಿ, ಹೊಸದಾಗಿ ವಿಮಾನ ಇಳಿದ ಹುಡುಗರು, ಎಲ್ಲ ಮೊದಲು ಅಲ್ಲಿಗೇ ಬಂದು ಮುಟ್ಟುತ್ತಿದ್ದವು. ಯಾರಾದರೂ ಕಾಣೆಯಾದರೆ ಅಲ್ಲಿ ಕೂತರೆ ಸಾಕು, ಸಂಜೆಯೊಳಗೆ ಸಿಗುತ್ತಿದ್ದರು. ನಾನು ಅಲ್ಲಿ ಕೊನೆಯ ಸಲ ಚಹ ಕುಡಿದು ಒಂಬತ್ತು ವರ್ಷವಾಗಿತ್ತು ಎಂದು ಆಗ ಲೆಕ್ಕ ಹಾಕಲಿಲ್ಲ. ರೂಮಿನಲ್ಲೇ ಕೂತು ಹಾಳೆ ಬರೆದೆ. ಕೈಯಲ್ಲಿ ನೀರಿನ ಬಾಟಲಿ ಇರಲಿ. ಹೆಂಗಸರ ಫೋಟೋ ತೆಗೆಯಬೇಡಿ. ಮಸೀದಿಯಲ್ಲಿ ಭುಜ, ಮೊಣಕಾಲು ಮುಚ್ಚಿಕೊಳ್ಳಿ. ರಸ್ತೆಯಲ್ಲಿ ಕುಡಿಯಬೇಡಿ, ಕುಡಿದು ರಸ್ತೆಗೆ ಬರಬೇಡಿ. ಗುಂಪಿನಿಂದ ತಪ್ಪಿದರೆ ಇಂಥ ಓಣಿಯ ಇಂಥ ಕೆಫೆಟೇರಿಯಾಕ್ಕೆ ಬನ್ನಿ, ಅಲ್ಲಿಂದ ಕದಲಬೇಡಿ, ನಮ್ಮವರು ಬಂದು ಕರೆದುಕೊಂಡು ಹೋಗುತ್ತಾರೆ. ಮಧ್ಯಾಹ್ನ ಒಂದು ಗಂಟೆಯ ಊಟವೂ ಅಲ್ಲೇ. ಊಟ ಹೇಳಿಡಲು ಹಳೆಯ ನಂಬರಿಗೆ ಫೋನ್ ಮಾಡಿದೆ, ಹೋಗಲಿಲ್ಲ. ನಂಬರ್ ಬದಲಾಗಿರಬೇಕು, ನಲವತ್ತು ಜನರಿಗೆ ಊಟ ಅವರಿಗೇನೂ ದೊಡ್ಡದಲ್ಲ ಅಂದುಕೊಂಡು ಸಹಿ ಹಾಕಿ ಕೊಟ್ಟೆ.

ಆ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕೆಂಪು ಟೋಪಿ, ಕೆಂಪು ಶಾಲಿನ ಜನ ತುಂಬಿದ್ದರು. ದುಬೈ ದಾಟುವ ಮೊದಲೇ ಹಾಡಲು ಶುರು ಮಾಡಿದರು. ಕೂಗಾಟವಲ್ಲ, ನಾಲ್ಕು ದನಿ ಕೂಡಿಸಿದ ಹಾಡು. ಡ್ರೈವರ್ ಉಪ್ಪಿನಂಗಡಿ ಕಡೆಯ ಬ್ಯಾರಿ, ನಲವತ್ತು ದಾಟಿದವನು, ಬಾಯಿ ಸುಮ್ಮನಿರುವ ಜನ ಅಲ್ಲ.

“ಅಣ್ಣ, ಇವರು ಫುಟ್‌ಬಾಲ್ ನೋಡ್ಲಿಕ್ಕೆ ಬಂದದ್ದಾ, ಭಜನೆಗೆ ಬಂದದ್ದಾ?”

“ನೀನು ರಸ್ತೆ ನೋಡು ಮಾರಾಯ.”

“ರಸ್ತೆ ನೋಡ್ತಾ ಇದ್ದೇನೆ. ಕೊನೆಗೆ ಪ್ರಸಾದ ಉಂಟಾ ಅಂತ ಕೇಳಿದ್ದು.”

ಎದುರಿನ ಸೀಟಿನಲ್ಲಿ ಎಂಬತ್ತರ ಹತ್ತಿರದ ಒಬ್ಬರು ಮಗಳ ಜೊತೆ ಕೂತಿದ್ದರು. ಮಗಳಿಗೆ ಐವತ್ತು ಇರಬಹುದು. ಅವರು ಮಗಳೊಡನೆ ವೇಲ್ಸಿನ ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು, ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ನನ್ನ ಮನೆಯಲ್ಲೂ ಹಾಗೆಯೇ ಆದ್ದರಿಂದ ನನಗೆ ನಗು ಬಂತು. ಹಿರಿಯರು ನನ್ನ ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು. “ಇದನ್ನು ಬರೆದವರು ನೀವೇ ತಾನೆ?” ಎಂದು ಕೇಳಿದರು. ಹೌದು ಎಂದೆ. “ಚೆನ್ನಾಗಿದೆ. ನಮ್ಮ ಊರಿಗೆ ಬರುವವರಿಗೂ ಯಾರಾದರೂ ಹೀಗೆ ಬರೆದುಕೊಡಬೇಕು. ಆದರೆ ನಮ್ಮ ಊರಿನಲ್ಲಿ ತಪ್ಪಿಹೋಗಲು ಎರಡನೇ ರಸ್ತೆಯೇ ಇಲ್ಲ.” ಹಿಂದಿನ ಸೀಟಿನವರೆಲ್ಲ ನಕ್ಕರು.

ಮಸೀದಿಯಲ್ಲಿ ಬಹಳ ನಡೆದೆವು. ಹಮ್ದಾನ್ ಸ್ಟ್ರೀಟ್ ತಲುಪುವಾಗ ಒಂದು ದಾಟಿತ್ತು. ಬಸ್ಸನ್ನು ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸುವ ಹಾಗಿರಲಿಲ್ಲ. “ಯಲ್ಲಾ, ಬೇಗ ಬೇಗ” ಎಂದು ಎಲ್ಲರನ್ನು ಇಳಿಸಿ ಮುಂದೆ ನಡೆದೆ. ಹಿರಿಯರು ಮಗಳಿಗೆ, “ನೀನು ಹೋಗು, ನಾನು ಸೂಜಿ ಹಾಕಿಕೊಂಡು ಬರುತ್ತೇನೆ. ಊಟ ಹತ್ತು ನಿಮಿಷದಲ್ಲಿ ಅಲ್ಲವೇ? ದಾರಿ ಈ ಕಾಗದದಲ್ಲಿದೆ” ಎಂದರಂತೆ. ಅವರಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮೊದಲು ಇನ್ಸುಲಿನ್ ಹಾಕಿಕೊಳ್ಳಬೇಕಿತ್ತು, ಎಲ್ಲರೆದುರು ಅಂಗಿ ಎತ್ತಲು ಸಂಕೋಚ. ಹಾಕಿಕೊಂಡ ಮೇಲೆ ಬೇಗ ಊಟ ಆಗದಿದ್ದರೆ ಸಕ್ಕರೆ ತೀರಾ ಇಳಿದುಬಿಡುತ್ತದೆ. ಡ್ರೈವರ್ ಅವರನ್ನು ಕೊನೆಗೆ ಇಳಿಸಿ, ಓಣಿಯನ್ನು ಕೈಯಲ್ಲಿ ತೋರಿಸಿ, ಬಸ್ಸನ್ನು ದೂರದ ಪಾರ್ಕಿಂಗ್‌ಗೆ ಒಯ್ದ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನಾನು ತಲೆ ಎಣಿಸಲಿಲ್ಲ. ಊಟದ ಮೇಜಿನಲ್ಲಿ ಎಣಿಸಿದರಾಯಿತು ಅಂದುಕೊಂಡೆ.

ಕೆಫೆಟೇರಿಯಾ ಇದ್ದ ಕಟ್ಟಡವೇ ಅಲ್ಲಿರಲಿಲ್ಲ. ಆ ಜಾಗಕ್ಕೆ ಉದ್ದಕ್ಕೂ ತಗಡಿನ ಬೇಲಿ ಹಾಕಿ, ಒಳಗೆ ಅಡಿಪಾಯ ಅಗೆಯುತ್ತಿದ್ದರು.

ನನ್ನ ಕಾಲು ಅಲ್ಲೇ ನಿಂತಿತು. ಹಿಂದೆ ನಲವತ್ತು ಜನ ಹಸಿದು ನಿಂತಿದ್ದಾರೆ. ಒಬ್ಬ ದಪ್ಪನೆಯ ಮನುಷ್ಯ, “ಕಿಟಕಿ ಪಕ್ಕದ ಮೇಜು ಸಿಗುತ್ತದೆಯೇ?” ಎಂದು ಬೇಲಿ ತೋರಿಸಿ ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾನ ಉಳಿಸಿಕೊಳ್ಳುವ ಅವಸರದಲ್ಲಿ, “ಇದಕ್ಕಿಂತ ಒಳ್ಳೆಯ ಜಾಗ ಇದೆ ಬನ್ನಿ” ಎಂದು ಎರಡು ಓಣಿ ಆಚೆಯ ಒಂದು ಹೋಟೆಲಿಗೆ ಕರೆದುಕೊಂಡು ಹೋದೆ. ಬೇಲಿಯ ಹತ್ತಿರ ಒಬ್ಬರನ್ನು ನಿಲ್ಲಿಸಿ ಹೋಗಬೇಕಿತ್ತು. ತಪ್ಪಿಹೋದವರು ಬಂದು ಕಾಯಬೇಕಾದ ಜಾಗ ಅದೇ ಎಂದು ಬರೆದವನು ನಾನೇ. ಅದು ಹೊಳೆಯಲಿಲ್ಲ.

ಹೋಟೆಲಿನಲ್ಲಿ ಜನ ಮೂರು ಕಡೆ ಹರಿದು ಕೂತರು, ಎಣಿಕೆ ಮತ್ತೆ ತಪ್ಪಿತು. ತಂದೆ ನಡೆದು ಸುಸ್ತಾಗಿ, ಸೂಜಿ ಹಾಕಿಕೊಳ್ಳದೆ ಬಸ್ಸಿನಲ್ಲೇ ಒರಗಿರಬೇಕು ಎಂದು ಮಗಳು ಸುಮ್ಮನಿದ್ದರು. ಸಂಜೆಯ ದಾರಿಗೆ ನೀರಿನ ಬಾಟಲಿ ತರಲು ನಾನು ಹೊರಗೆ ಬಂದೆ. ಹೊರಡುವಾಗ ಗಡಿಯಾರ ನೋಡಿದ್ದೆ. ಒಂದು ಮೂವತ್ತೈದು.

ಬರುವಾಗ ಕಂಡಿದ್ದ ಗ್ರೋಸರಿ ಅಂಗಡಿ ಇದ್ದದ್ದು ಅದೇ ಹಳೆಯ ಓಣಿಯಲ್ಲಿ. ತಿರುವಿನಲ್ಲಿ ನಿಂತಾಗ, ರಸ್ತೆಯ ಆಚೆ ಬದಿ, ತಗಡಿನ ಬೇಲಿಗೆ ಒರಗಿ ಒಬ್ಬ ಮನುಷ್ಯ ಕೂತದ್ದು ಕಾಣಿಸಿತು. ಕೆಂಪು ಟೋಪಿ ಮೂಗಿನ ತನಕ ಇಳಿದಿತ್ತು. ತಲೆ ತೂಗುತ್ತಿತ್ತು. ಏನೋ ಗೊಣಗುತ್ತಿದ್ದ. ಎರಡೂ ಕೈಯಲ್ಲಿ ಏನನ್ನೋ ಎತ್ತಿ ಹಿಡಿದುಕೊಂಡಿದ್ದ.

ಕುಡಿದಿದ್ದಾನೆ ಎಂದುಕೊಂಡೆ. ಆ ದಿನ ಅಬುಧಾಬಿಯಲ್ಲಿ ಕೆಂಪು ಟೋಪಿಯವರ ಗುಂಪುಗಳು ಬೇಕಾದಷ್ಟಿದ್ದವು. ನಮ್ಮ ಗುಂಪು ಹೋಟೆಲಿನಲ್ಲಿದೆ, ಇವನು ನಮ್ಮವನಲ್ಲ ಎಂದು ಮನಸ್ಸು ಕ್ಷಣದಲ್ಲಿ ತೀರ್ಪು ಕೊಟ್ಟಿತು. ನಮ್ಮಂಥವರು ಇಲ್ಲಿ ಮೊದಲು ಕಲಿಯುವ ಪಾಠವೊಂದಿದೆ. ರಸ್ತೆಯಲ್ಲಿ ಬಿದ್ದವನ ಹತ್ತಿರ ಹೋಗಬೇಡ, ನಿನ್ನ ಹೆಸರು ಯಾವ ಕಾಗದದಲ್ಲೂ ಬರುವುದು ಬೇಡ. ದುಬೈಗೆ ಹೋದ ಹೊಸತರಲ್ಲಿ ಮುಹೈಸ್ನಾದ ಕೆಲಸಗಾರರ ಕ್ಯಾಂಪಿನಲ್ಲಿ ಇದ್ದೆ. ಅಲ್ಲಿ ನನ್ನ ರೂಮಿನವನೊಬ್ಬ ಕುಡಿದು ಬಿದ್ದವನನ್ನು ಎಬ್ಬಿಸಲು ಹೋಗಿ, ಸಾಕ್ಷಿಗೆಂದು ಓಡಾಡಿ, ಕೆಲಸಕ್ಕೆ ಚಕ್ಕರ್ ಹೊಡೆದದ್ದಕ್ಕೆ ಕಂಪನಿ ಅವನನ್ನು ಊರಿಗೆ ಕಳಿಸಿತ್ತು. ಹೊಸದಾಗಿ ಬಂದ ಎಷ್ಟು ಹುಡುಗರಿಗೆ ನಾನೇ ಆ ಕಥೆ ಹೇಳಿ ಹೆದರಿಸಿದ್ದೇನೋ! ನನಗೆ ಈಗ ಅರವತ್ತಾರು. ಊರಿಗೆ ಹೋಗಲು ಟಿಕೆಟ್ಟು ಜೇಬಿನಲ್ಲೇ ಇರುವ ವಯಸ್ಸು. ಆದರೂ ಆ ಹೆದರಿಕೆ ಮೈಯಲ್ಲಿ ಹಾಗೇ ಇತ್ತು. ಅಲ್ಲಿಂದಲೇ ಹಿಂದಕ್ಕೆ ತಿರುಗಿ ಬೇರೆ ಓಣಿಯ ಅಂಗಡಿಯಲ್ಲಿ ನೀರು ತೆಗೆದುಕೊಂಡೆ.

ಎರಡು ಗಂಟೆಗೆ ಐದು ನಿಮಿಷ ಇರುವಾಗ ಮಗಳು ನನ್ನ ಮೇಜಿಗೆ ಬಂದರು. “ಅಪ್ಪನಿಗೆ ಒಂದು ತಟ್ಟೆ ಕಟ್ಟಿಸಿಕೊಡಬಹುದೇ? ಬಸ್ಸಿನಲ್ಲೇ ಇದ್ದಾರೆ.” ಡ್ರೈವರನಿಗೆ ಫೋನ್ ಮಾಡಿದೆ.

“ಯಾರು ಅಣ್ಣ, ಆ ಅಜ್ಜನಾ? ಅವರು ಒಂದು ಹತ್ತಕ್ಕೇ ಇಳಿದ್ರಲ್ಲ! ಸೂಜಿ ಹಾಕ್ಕೊಂಡು, ನಿಮ್ಮ ಕಾಗದ ಹಿಡ್ಕೊಂಡು ಹೋದ್ರು.”

ಫೋನ್ ಕೈಯಲ್ಲಿರುವಾಗಲೇ ನನಗೆ ಎಲ್ಲ ಅರ್ಥವಾಯಿತು. ಆ ಮೊಣಕಾಲಿನಲ್ಲಿ ನಾನು ಓಡಿದೆ, ಮಗಳು ನನ್ನ ಹಿಂದೆ.

ಬೇಲಿಯ ಬುಡದಲ್ಲಿ ಹಿರಿಯರನ್ನು ಎಡಮಗ್ಗುಲಿಗೆ ಮಲಗಿಸಿ, ಗ್ರೋಸರಿ ಅಂಗಡಿಯವರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ನಮ್ಮ ಕರಾವಳಿಯ ಬ್ಯಾರಿ ಎಂದು ಮಾತಿನಲ್ಲೇ ತಿಳಿಯಿತು. ಕೈಯಲ್ಲಿ ಜ್ಯೂಸಿನ ಡಬ್ಬಿ, ನೆಲದ ಮೇಲೆ ಜೇನಿನ ಬಾಟಲಿ.

“ನಿಮ್ಮವರಾ? ಎಂಥ ಜನ ಮಾರಾಯ್ರೆ ನೀವು! ಆಂಬುಲೆನ್ಸಿಗೆ ಫೋನ್ ಮಾಡಿ ಐದು ನಿಮಿಷ ಆಯ್ತು. ಎರಡು ಗುಟುಕು ನುಂಗಿದ್ರು, ಮತ್ತೆ ಇಳಿಯಲಿಲ್ಲ. ಒತ್ತಾಯ ಮಾಡಿದ್ರೆ ಶ್ವಾಸಕ್ಕೆ ಹೋಗ್ತದೆ ಅಂತ ನಿಲ್ಲಿಸಿ, ಕೆನ್ನೆ ಒಳಗೆ ಸ್ವಲ್ಪ ಜೇನು ಹಚ್ಚಿದ್ದೇನೆ.”

“ನಿಮಗೆ ಹೇಗೆ ಗೊತ್ತಾಯಿತು?”

“ನನಗೂ ಶುಗರ್, ನನ್ನ ಉಮ್ಮನಿಗೂ ಶುಗರ್. ಮುಟ್ಟಿ ನೋಡಿ, ಮೈ ಐಸಿನ ಹಾಗೆ ತಣ್ಣಗೆ, ಅಂಗಿ ಹಿಂಡಿದ್ರೆ ನೀರು. ಕುಡಿದವನ ಬೆವರು ಹೀಗೆ ಇರುದಿಲ್ಲ. ಹತ್ತಿರ ಬಂದು ಮೂಸಿದ್ರೂ ಗೊತ್ತಾಗ್ತದೆ, ವಾಸನೆಯೇ ಇಲ್ಲ. ನಾನು ಊಟಕ್ಕೆ ಒಳಗಿದ್ದೆ, ಶಟರ್ ಎತ್ತುವಾಗ ನೋಡಿದ್ದು. ಅಷ್ಟು ಹೊತ್ತು ಈ ದಾರಿಯಲ್ಲಿ ಹೋದವರು ಒಬ್ಬರೂ ನೋಡಲಿಲ್ವಾ?”

ಮಗಳು ತಂದೆಯ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಅವರನ್ನು ಕರೆಯುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು. ಸ್ವಲ್ಪ ಹೊತ್ತಿನಲ್ಲಿ ಸಕ್ಕರೆ ಸರಿಯಾದ ಮಟ್ಟಕ್ಕೆ ಬಂತು, ಎಚ್ಚರ ಮಾತ್ರ ಬರಲಿಲ್ಲ. ವೈದ್ಯರು ಹೊರಗೆ ಬಂದು ಮಗಳನ್ನೂ ನನ್ನನ್ನೂ ನಿಲ್ಲಿಸಿ ವಿವರಿಸಿದರು. ಸಕ್ಕರೆ ಏರಿದ ಮೇಲೂ ಎಚ್ಚರ ಬರದಿದ್ದರೆ, ಒಂದೋ ಬಹಳ ಹೊತ್ತು ಕಡಿಮೆಯಾಗಿಯೇ ಇತ್ತು, ಇಲ್ಲವೇ ಬೇರೆ ಏನೋ ಆಗಿದೆ. ಬಿದ್ದು ತಲೆಗೆ ಪೆಟ್ಟಾಗಿರಬಹುದು, ಪಾರ್ಶ್ವವಾಯು ಇರಬಹುದು. ಸ್ಕ್ಯಾನ್ ಮಾಡುತ್ತೇವೆ. ಪಾರ್ಶ್ವವಾಯುವಾಗಿದ್ದರೆ ಮದ್ದು ಕೊಡಲು ಇಷ್ಟೇ ಹೊತ್ತು ಎಂದಿದೆ, ಆದ್ದರಿಂದ ಇದು ಶುರುವಾದ ಸಮಯ ನನಗೆ ಗೊತ್ತಾಗಬೇಕು. “ಅವರು ಎಚ್ಚರವಾಗಿ ಇದ್ದದ್ದನ್ನು ಕೊನೆಯದಾಗಿ ಯಾರು ನೋಡಿದರು? ಎಷ್ಟು ಗಂಟೆಗೆ?”

“ಡ್ರೈವರ್. ಒಂದು ಹತ್ತಕ್ಕೆ” ಎಂದರು ಮಗಳು.

“ಅಂಗಡಿಯವರು ನೋಡಿದ್ದು ಎರಡಕ್ಕೆ ಸ್ವಲ್ಪ ಮೊದಲು. ನಡುವೆ ಮುಕ್ಕಾಲು ಗಂಟೆ. ಆ ಹೊತ್ತಿನಲ್ಲಿ ಯಾರೂ ನೋಡಿಲ್ಲವೇ?”

ವೈದ್ಯರು ನನ್ನ ಮುಖ ನೋಡಿದರು. “ಗೊತ್ತಿಲ್ಲ ಸರ್” ಎಂದೆ. ಇದು ಎರಡನೇ ಸಲ ನಾನು ಅವರನ್ನು ದಾಟಿ ಹೋದದ್ದು.

ವೈದ್ಯರು ಒಳಗೆ ಹೋದರು. ನನ್ನ ಫೋನ್ ರಿಂಗಾಯಿತು. ಮ್ಯಾನೇಜರ್. ಗುಂಪನ್ನು ಡ್ರೈವರ್ ವಿಮಾನ ನಿಲ್ದಾಣಕ್ಕೆ ಕರೆದೊಯ್ಯಲಿ, ನೀವು ಅಲ್ಲೇ ಇರಿ ಎಂದರು. ಆಮೇಲೆ ದನಿ ತಗ್ಗಿಸಿ, “ದಾರಿ ನೋಡಿ ಬಂದಿದ್ದಿರಿ ತಾನೆ? ಸಹಿ ಇದೆ. ಆ ಹಿರಿಯರನ್ನು ಡ್ರೈವರ್ ಒಬ್ಬರನ್ನೇ ಇಳಿಸಿದ್ದು ತಪ್ಪು, ರಿಪೋರ್ಟಿನಲ್ಲಿ ಅದನ್ನೇ ಬರೆಯೋಣ. ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಹೇಳಬೇಡಿ” ಎಂದರು.

ಮೂವತ್ತೆಂಟು ವರ್ಷ ನಾನು ಎಲ್ಲರಿಗೂ ಹೇಳುತ್ತಿದ್ದ ಮಾತು ಅದೇ. ಈಗ ಅದನ್ನು ನನಗೇ ಹೇಳುತ್ತಿದ್ದರು. ಗಾಜಿನ ಬಾಗಿಲಿನ ಆಚೆ ಹಿರಿಯರನ್ನು ಗಾಲಿಯ ಮಂಚದಲ್ಲಿ ಸ್ಕ್ಯಾನಿಗೆ ಒಯ್ಯುತ್ತಿದ್ದರು. ಒಂದು ಕೈ ಕೆಳಗೆ ಜೋತುಬಿದ್ದಿತ್ತು. ನರ್ಸ್ ಅದನ್ನು ಎತ್ತಿ ಹೊದಿಕೆಯ ಮೇಲಿಟ್ಟರು. ಓಣಿಯಲ್ಲಿ ಆ ಕೈಗಳು ಕಾಗದ ಹಿಡಿದಿದ್ದವು. ಎರಡೂ ಕೈ. ಅದು ಯಾವ ಕಾಗದ ಎಂದು ಆಗ ಹೊಳೆಯಿತು.

“ನಾನು ದಾರಿ ನೋಡಿ ಬಂದಿರಲಿಲ್ಲ. ಡ್ರೈವರನ ಹೆಸರು ಬರೆಯಬೇಡಿ” ಎಂದು ಫೋನ್ ಇಟ್ಟೆ. ವೈದ್ಯರ ಹಿಂದೆ ಓಡಿ ಸ್ಕ್ಯಾನ್ ಕೋಣೆಯ ಹೊರಗೆ ನಿಲ್ಲಿಸಿದೆ. ಮಗಳೂ ಅಲ್ಲೇ ಇದ್ದರು.

“ಸರ್, ನಾನು ನೋಡಿದ್ದೆ. ಒಂದು ಮೂವತ್ತೈದಕ್ಕೆ.”

ವೈದ್ಯರು ಬೇರೆ ಏನನ್ನೂ ಕೇಳಲಿಲ್ಲ, ಪೆನ್ನು ತೆಗೆದರು. “ಕೂತಿದ್ದರೇ, ಬಿದ್ದಿದ್ದರೇ?”

“ಕೂತಿದ್ದರು. ತಲೆ ತೂಗುತ್ತಿತ್ತು. ತಮ್ಮಷ್ಟಕ್ಕೇ ಮಾತಾಡುತ್ತಿದ್ದರು.”

“ಕೈ ಆಡುತ್ತಿತ್ತೇ? ಒಂದೋ, ಎರಡೋ?”

“ಎರಡೂ. ಎರಡೂ ಕೈಯಲ್ಲಿ ಒಂದು ಕಾಗದ ಎತ್ತಿ ಹಿಡಿದಿದ್ದರು.”

“ಅಷ್ಟು ಹೊತ್ತಿಗೆ ಎಚ್ಚರ ಇತ್ತು, ಎರಡೂ ಕೈ ಆಡುತ್ತಿತ್ತು. ಒಳ್ಳೆಯದು. ಇದು ಬೇಕಿತ್ತು.” ಬರೆದುಕೊಂಡು ಒಳಗೆ ಹೋಗುವಾಗ ತಿರುಗಿ, “ಹತ್ತು ನಿಮಿಷದ ಮೊದಲೇ ಹೇಳಬಹುದಿತ್ತು” ಎಂದರು.

ಮಗಳು ಗೋಡೆಗೆ ಒರಗಿ ನಿಂತಿದ್ದರು. “ನಮ್ಮಪ್ಪ ಎಂದು ಗೊತ್ತಾಗಲಿಲ್ಲವೇ?”

“ಮುಖ ಕಾಣಲಿಲ್ಲ. ನಾನು ಹತ್ತಿರ ಹೋಗಲಿಲ್ಲ.”

“ಯಾಕೆ?”

“ಕುಡಿದಿದ್ದಾರೆ ಅಂದುಕೊಂಡೆ.”

ಅವರು ಟೋಪಿಯ ಅಂಚನ್ನು ತಿರುಗಿಸುತ್ತಿದ್ದರು. “ಅಪ್ಪ ಜೀವಮಾನದಲ್ಲಿ ಕುಡಿದವರಲ್ಲ. ನಮ್ಮ ಊರಿನ ಚರ್ಚಿನಲ್ಲಿ ಪ್ರಮಾಣ ಮಾಡಿದವರು. ಬಸ್ಸಿನಲ್ಲಿ ಎಲ್ಲರೂ ಅದಕ್ಕೇ ಅವರನ್ನು ಗೇಲಿ ಮಾಡುತ್ತಿದ್ದದ್ದು.” ಆಮೇಲೆ, “ಕುಡಿದಿದ್ದರೇ ಆಗಲಿ, ಅವರಿಗೆ ಎಂಬತ್ತು ವರ್ಷ” ಎಂದರು.

ಸ್ಕ್ಯಾನಿನಲ್ಲಿ ತಲೆಗೆ ಪೆಟ್ಟು ಇರಲಿಲ್ಲ, ರಕ್ತಸ್ರಾವ ಇರಲಿಲ್ಲ. ಆರು ಗಂಟೆಯ ಹೊತ್ತಿಗೆ ಕಣ್ಣು ತೆರೆದರು. ಮೊದಲು ಬಂದದ್ದು ಅವರ ಭಾಷೆ. ನರ್ಸುಗಳಿಗೆ ಏನೂ ಅರ್ಥವಾಗಲಿಲ್ಲ. ಬೆಳಿಗ್ಗೆಯೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಮಗಳು ತಡವರಿಸುತ್ತಾ, ಒಂದೊಂದೇ ಶಬ್ದ ಹುಡುಕಿ, ಅದೇ ಭಾಷೆಯಲ್ಲಿ ಮಾತಾಡಿದರು. ಅವರ ವಿಮಾನ ಹೋಗಿಯಾಗಿತ್ತು. ಬದುಕಿಡೀ ಕಾದಿದ್ದ ಆಟ ಅವರು ನೋಡಲಿಲ್ಲ. ಆಟ ಏನಾಯಿತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಹೋದೆ. ಅವರು ಮಂಚದಲ್ಲಿ ಕೂತು ಗಂಜಿಯಂಥದ್ದೇನೋ ತಿನ್ನುತ್ತಿದ್ದರು. ಮಾತು ನಿಧಾನವಾಗಿತ್ತು, ಕೆಲವು ಶಬ್ದಗಳಿಗಾಗಿ ಕಾಯಬೇಕಿತ್ತು. ನಾನು ಬಾಗಿಲಲ್ಲೇ ನಿಂತೆ.

“ಆ ಅಂಗಡಿಯವರಿಗೆ ನಾನು ಕೃತಜ್ಞತೆ ಹೇಳಬೇಕು. ಅವರೇ ಅಲ್ಲವೇ ನನ್ನನ್ನು ಮೊದಲು ನೋಡಿದ್ದು?”

ಮಗಳು ಹೇಳಿರಲಿಲ್ಲ. ನನಗೇ ಬಿಟ್ಟಿದ್ದರು.

“ಅಲ್ಲ. ಮೊದಲು ನೋಡಿದ್ದು ನಾನು. ಕುಡಿದಿದ್ದೀರಿ ಎಂದುಕೊಂಡು ಹೊರಟುಹೋದೆ. ಆ ಹಾಳೆಯಲ್ಲಿ ಬರೆದ ಜಾಗವನ್ನೂ ನಾನು ಹೋಗಿ ನೋಡಿರಲಿಲ್ಲ.”

ಅವರು ಚಮಚ ಕೆಳಗಿಟ್ಟರು. “ಕಾಗದದಲ್ಲಿ ಅಲ್ಲೇ ಇರಿ ಎಂದಿತ್ತು. ನಾನು ಅಲ್ಲೇ ಇದ್ದೆ” ಎಂದರು. ದೂರಿನ ದನಿ ಅಲ್ಲ, ನೆನಪು ಮಾಡಿಕೊಳ್ಳುವ ದನಿ. ಆಮೇಲೆ ಕೇಳಿದರು: “ನೀವು ಎಷ್ಟು ದೂರದಲ್ಲಿದ್ದಿರಿ?”

“ರಸ್ತೆಯ ಈಚೆ ಬದಿ.”

“ಇಲ್ಲಿಂದ ಆ ಬಾಗಿಲಿನಷ್ಟೇ?”

“ಅದರ ಎರಡರಷ್ಟು ಇರಬಹುದು.”

ಮಂಚದಿಂದ ಬಾಗಿಲಿನ ತನಕ ಅವರು ಕಣ್ಣಿನಲ್ಲೇ ಅಳೆದರು. ಹೊದಿಕೆ ಸರಿಸಿ ಕಾಲು ನೆಲಕ್ಕಿಟ್ಟರು. ಮಗಳು ಎದ್ದು ಬಂದು ತೋಳು ಹಿಡಿದರು. ನಡೆಸಿ ನೋಡಿ ಎಂದು ವೈದ್ಯರು ಹೇಳಿದ್ದರಂತೆ, ಆದ್ದರಿಂದ ಬೇಡವೆನ್ನಲಿಲ್ಲ. ಒಂದು ಹೆಜ್ಜೆ, ಸ್ವಲ್ಪ ವಿರಾಮ, ಮತ್ತೊಂದು ಹೆಜ್ಜೆ. ಗ್ಲೂಕೋಸಿನ ಕಂಬವನ್ನು ಮಗಳು ಇನ್ನೊಂದು ಕೈಯಲ್ಲಿ ತಳ್ಳುತ್ತಿದ್ದರು. ನಾನು ಮುಂದೆ ಹೋಗಿ ಹಿಡಿಯಲು ಕೈ ಚಾಚಿದೆ. ಅವರು ತಲೆಯಲ್ಲೇ ಬೇಡವೆಂದರು. ನನ್ನ ಎದುರಿಗೆ ಬಂದು ಬಾಗಿಲಿನ ಚೌಕಟ್ಟನ್ನು ಹಿಡಿದು ಉಸಿರು ತೆಗೆದುಕೊಂಡರು, ನಿಧಾನವಾಗಿ ತಿರುಗಿ ಮಂಚದ ತನಕ ಅಷ್ಟೇ ದೂರವನ್ನು ಮತ್ತೆ ನಡೆದು ಕೂತರು. ಹಣೆಯಲ್ಲಿ ಬೆವರು ಬಂದಿತ್ತು.

“ಇಷ್ಟೇ ಇತ್ತು” ಎಂದರು.